ಫ್ಯಾನ್ ಕೆಳಗೆ ನಾನಿಲ್ಲ

(ಚೆನ್ನೈ ತಿರುವಲ್ಲಿಕೇಣಿಯ ಒಂದು ಕನ್ನಡ ಮನೆಯಲ್ಲಿ ವಾಸವಾಗಿರುವ 10 ಇಂಚಿನ ಸಬ್‌ವೂಫರ್ ಜೊತೆ ಮಾತುಕತೆ. ಮನೆಯ ರಾಯರು ಗುರುರಾಯರ ಮಠಕ್ಕೆ ಹೋಗಿದ್ದ ಹೊತ್ತು ನೋಡಿ ಸಮಯ ಕೊಟ್ಟಿದ್ದರಿಂದ ಮಾತು ಬಿಚ್ಚಿ ಬಂತು. ಧ್ವನಿ ತೀರಾ ಮಂದ್ರ. ಕೆಲವು ಉತ್ತರಗಳು ಕಿವಿಗಿಂತ ಮೊದಲು ಕುರ್ಚಿಗೆ ತಲುಪಿದವು.)

ಪ್ರ: ಹುಟ್ಟೂರು ಯಾವುದು?

ಉ: ರಿಚಿ ಸ್ಟ್ರೀಟ್ ಅಂತ ಬರ್ಕೊಳ್ಳಿ. ಕೋನ್ ಎಲ್ಲಿಂದಲೋ, ಆಂಪ್ಲಿಫೈಯರ್ ಬೋರ್ಡ್ ಎಲ್ಲಿಂದಲೋ, ಪೆಟ್ಟಿಗೆ ಎಲ್ಲಿಂದಲೋ. ಮೌಂಟ್ ರೋಡ್ ಪಕ್ಕದ ಆ ಬೀದಿಯಲ್ಲಿ ಮೂರನ್ನೂ ಕೂಡಿಸಿ ಸ್ಟಿಕ್ಕರ್ ಅಂಟಿಸಿದ್ದೇ ನಾಮಕರಣ.

ಪ್ರ: ಸ್ಟಿಕ್ಕರ್ ಮೇಲೆ 5000 ವ್ಯಾಟ್ ಪಿಎಂಪಿಒ ಅಂತಿದೆಯಲ್ಲ!

ಉ: ಬೆನ್ನ ಹಿಂದಿರೋ ಸಣ್ಣ ಅಕ್ಷರ ಓದಿ. ಗೋಡೆಯ ಪ್ಲಗ್ಗಿನಿಂದ ನಾನು ಎಳೆಯೋದೇ 120 ವ್ಯಾಟ್. ಬಾಕಿ 4880 ಎಲ್ಲಿಂದ ಬಂತು ಅಂತ ನನ್ನನ್ನ ಕೇಳಬೇಡಿ. ಪಿಎಂಪಿಒ ಅಳೆಯೋಕೆ ಯಾರೂ ಒಪ್ಪಿದ ನಿಯಮವೇ ಇಲ್ಲ, ಬರೆದವನ ಧೈರ್ಯವೇ ಅಳತೆ. ಆರ್‌ಎಂಎಸ್, ಅಂದ್ರೆ ನಿಜವಾದ ವ್ಯಾಟ್, ಎಷ್ಟು ಅಂತ ಕೇಳಿದ್ರೆ ಅಂಗಡಿಯವನು ಟೀ ತರಿಸ್ತಾನೆ.

ಪ್ರ: ಮನೆತನ ದೊಡ್ಡದು ಅಂತ ಕೇಳಿದ್ದೇನೆ.

ಉ: 1974ರಲ್ಲಿ ‘ಅರ್ತ್‌ಕ್ವೇಕ್’ ಅನ್ನೋ ಹಾಲಿವುಡ್ ಚಿತ್ರಕ್ಕೆ ಸೆನ್‌ಸರೌಂಡ್ ಅಂತ ಕುರ್ಚಿ ನಡುಗಿಸೋ ಬೇಸ್ ವ್ಯವಸ್ಥೆ ಮಾಡಿದ್ರು. ಅಲ್ಲಿನ ಚೈನೀಸ್ ಥಿಯೇಟರಿನಲ್ಲಿ ನಮ್ಮ ಹಿರಿಯರು ನಡುಗಿಸಿದ ರಭಸಕ್ಕೆ ಗಾರೆ ಉದುರೀತು ಅಂತ ಜನರ ತಲೆ ಮೇಲೆ ಬಲೆ ಕಟ್ಟಬೇಕಾಯ್ತು. ಅಂಥ ವಂಶ. ಈಗ ನನ್ನ ತಲೆ ಮೇಲೆ ಮನಿಪ್ಲಾಂಟ್ ಇದೆ, ನೋಡಿ. ನವರಾತ್ರಿಯಲ್ಲಿ ನಾನೇ ಗೊಂಬೆಗಳ ಕೊನೇ ಮೆಟ್ಟಿಲು. ಹೋದ ಸಲ ಶೆಟ್ಟಿ-ಶೆಟ್ಟಮ್ಮರನ್ನ ನನ್ನ ಮೇಲೆ ಕೂರಿಸಿದ್ರು. ಮೊಮ್ಮಗ ‘ಕೆಜಿಎಫ್’ ಹಾಕಿದ. ಶೆಟ್ಟರು ಅಕ್ಕಿ ರಾಶಿ ಬಿಟ್ಟು ಇಂಚಿಂಚೇ ಸರೀತಾ ಅಂಚಿಗೆ ಬಂದ್ರು. ಅಮ್ಮಾವರು ಓಡಿ ಬಂದು ಹಿಡಿಯದೇ ಇದ್ದಿದ್ರೆ ಶೆಟ್ಟಮ್ಮನ ಗತಿ ಏನು?

ಪ್ರ: ನಿಮ್ಮ ಕೆಲಸ ನಿಜವಾಗಿ ಏನು?

ಉ: 80 ಹರ್ಟ್ಸ್‌ನಿಂದ ಕೆಳಗಿನದೆಲ್ಲ ನನ್ನ ಪಾಲು, ಮೇಲಿನದು ಸ್ಪೀಕರುಗಳದ್ದು. ಅಷ್ಟು ಕೆಳಗಿನ ಸದ್ದು ಎಲ್ಲಿಂದ ಬಂತು ಅಂತ ಮನುಷ್ಯರ ಕಿವಿಗೆ ಪತ್ತೆ ಆಗಲ್ಲ. ನಾನು ಇದ್ದೀನಿ ಅಂತಲೇ ಗೊತ್ತಾಗಬಾರದು, ಆಫ್ ಮಾಡಿದಾಗ ಮಾತ್ರ ಮನೆ ಬರಿದಾಯ್ತು ಅನ್ನಿಸಬೇಕು. ರಾಯರಿಗೆ ಅದು ಸಾಲದು. ನಾಲ್ಕು ಜನ ಬಂದಾಗ ಕಾಣಿಸದೇ ಇರೋದಕ್ಕೆ ಅವರು ದುಡ್ಡು ಕೊಟ್ಟಿಲ್ಲ.

ಪ್ರ: ರಾಯರ ಸಂಗೀತಾಭಿರುಚಿ?

ಉ: ಉತ್ತಮ. ತೊಂದರೆಯೇ ಅದು. ಮಾರ್ಗಳಿ ಬಂತು ಅಂದ್ರೆ ಸಂಜೆ ಮ್ಯೂಸಿಕ್ ಅಕಾಡೆಮಿ, ರಾತ್ರಿ ಮನೆಯಲ್ಲಿ ಹಳೇ ಕಛೇರಿಗಳ ರೆಕಾರ್ಡಿಂಗ್. ಗಂಡಸರು ಒಂದು ಮನೆ ಶ್ರುತಿಯಲ್ಲಿ ಹಾಡಿದ್ರೆ ಆಧಾರ ಷಡ್ಜ 131 ಹರ್ಟ್ಸ್. ಮಂದ್ರ ಪಂಚಮಕ್ಕೆ ಇಳಿದರೂ 98. ತಂಬೂರಿಯ ಮಂದ್ರದ ತಂತಿ ಒಂದು 65ರ ಹತ್ತಿರ ಬಂದು ನನ್ನನ್ನ ಮಾತಾಡಿಸಿ ಹೋಗುತ್ತೆ, ಅಷ್ಟೆ. ಅಂದ್ರೆ ಕಛೇರಿ ನಡೆಯುವಾಗ ನನಗೆ ಹೆಚ್ಚುಕಮ್ಮಿ ರಜೆ. ರಾಯರು ಕೇಳಬೇಕಲ್ಲ! ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ ಹಾಕ್ತಾರೆ, “ಎಡಗಡೆ ಕೇಳಿಸ್ತಿಲ್ಲ ಕಣೇ” ಅಂತ ಅಮ್ಮಾವರಿಗೆ ಹೇಳ್ತಾ ನನ್ನ ಗೇನ್ ಏರಿಸ್ತಾರೆ. ಮೈಕೇ ಬೇಡ ಅಂತ ಹಟ ಹಿಡಿದಿದ್ದ ಮಹಾನುಭಾವರು ಅವರು. ರವೆ ಮೆತ್ತಿದ ಎಡಮುಖ ತೊಪ್ಪಿಯ ಮೇಲೆ ಅಂಗೈ ಒತ್ತಿ ಎಬ್ಬಿಸಿದ ಗುಂಕಿ, ನನ್ನ ಬಾಯಲ್ಲಿ ಗೋಡೌನ್ ಬಾಗಿಲು ಎಳೆದ ಹಾಗೆ ಬರುತ್ತೆ. ನನಗೇ ನಾಚಿಕೆ.

ಪ್ರ: ಕನ್ನಡ ಹಾಡು ಹಾಕುತ್ತಾರೋ?

ಉ: ಪಿ.ಬಿ. ಶ್ರೀನಿವಾಸ್ ಅಂದ್ರೆ ಪ್ರಾಣ. ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಅವರು ಕೂತು ಬರೀತಿದ್ದ ಕಾಲದಲ್ಲಿ ರಾಯರು ಅಲ್ಲೇ ಹತ್ತಿರದ ಮೇಜಿನಲ್ಲಿ ಕಾಫಿ ಕುಡೀತಿದ್ರಂತೆ. 2008ರಲ್ಲಿ ಆ ಹೋಟೆಲ್ ಮುಚ್ಚಿದ ಮೇಲೆ ಸಂಜೆ ಹೊತ್ತು ಮನೆಯಲ್ಲೇ ಕಳೀಬೇಕಾಯ್ತು, ಆಮೇಲೆ ನಾನು ಬಂದೆ. ಇದೇ ಮದ್ರಾಸಿನ ಸ್ಟುಡಿಯೋಗಳಲ್ಲಿ ಮೊನೊದಲ್ಲಿ ರೆಕಾರ್ಡಾದ ಹಾಡುಗಳು ಅವು, ನನಗೆ ಅಂತ ಅಲ್ಲಿ ಏನೂ ಎತ್ತಿಟ್ಟಿಲ್ಲ. ಇಲ್ಲದ ಬೇಸನ್ನ ಹುಡುಕಿ ತೆಗೀಬೇಕು ಅಂದ್ರೆ ಹಮ್ಮು, ಗುಂಯ್‌ಗುಟ್ಟುವ ಕರೆಂಟಿನ ಸದ್ದು, ಅಷ್ಟೇ ಸಿಗೋದು.

ಪ್ರ: ಸೆಟ್ಟಿಂಗ್ ವಿಷಯಕ್ಕೆ ಬರೋಣ. ರಾಯರೇ ಮಾಡಿದ್ದೋ?

ಉ: ಮತ್ತಿನ್ಯಾರು! ಬೆನ್ನ ಮೇಲೆ ಮೂರು ಗುಬುಟು. ಕ್ರಾಸ್‌ಓವರ್ ಗುಬುಟನ್ನ ತುದಿಗೆ ತಿರುಗಿಸಿ ಬಿಡಬೇಕು, ಯಾಕಂದ್ರೆ ಮೇಲಿನ ಸದ್ದು ಕತ್ತರಿಸೋ ಕೆಲಸವನ್ನ, ನಮಗೆಲ್ಲ ಸದ್ದು ಹಂಚೋ ರಿಸೀವರ್ ಆಗಲೇ ಮಾಡಿರುತ್ತೆ. ಎರಡು ಕಡೆ ಕತ್ತರಿಸಿದ್ರೆ ನಡುವೆ ಒಂದಷ್ಟು ಸದ್ದು ಯಾರ ಪಾಲಿಗೂ ಇಲ್ಲದೆ ಅನಾಥ. ಗೇನ್ ನಡುವೆ ಇರಬೇಕು. ರಾಯರು ಕ್ರಾಸ್‌ಓವರನ್ನ “ಸುಟ್ಟುಹೋದೀತು” ಅಂತ ಕೆಳಗಿಟ್ಟು, ಗೇನನ್ನ ತುದಿಗೆ ಒಯ್ದರು. ಮೂರನೇದು ಫೇಸ್: 0, ಇಲ್ಲವೇ 180. ಸ್ಪೀಕರಿನ ಕೋನ್ ಮುಂದೆ ಬರುವಾಗ ನಾನು ಹಿಂದೆ ಹೋದ್ರೆ ಇಬ್ಬರ ದುಡಿಮೆಯೂ ನೀರುಪಾಲು. ಕೂತ ಜಾಗದಲ್ಲೇ ಕೂತು, 80 ಹರ್ಟ್ಸ್‌ನ ಸದ್ದು ಹಾಕಿಸಿ, ಇನ್ನೊಬ್ಬರ ಕೈಲಿ ಸ್ವಿಚ್ ಅದಲುಬದಲು ಮಾಡಿಸಿ, ಯಾವುದು ಜೋರೋ ಅದನ್ನ ಇಟ್ಟುಕೋಬೇಕು. ರಾಯರು 180 ಇಟ್ಟರು. ಸೊನ್ನೆಗಿಂತ ದೊಡ್ಡದಲ್ವೇ!

ಪ್ರ: ನಿಮ್ಮನ್ನು ಎಲ್ಲಿಡಬೇಕು ಅಂತ ಯಾರು ತೀರ್ಮಾನಿಸಿದ್ದು?

ಉ: ಅದಕ್ಕೊಂದು ಒಳ್ಳೇ ಉಪಾಯ ಇದೆ, ರಾಯರು ಅದನ್ನ ಮಾಡಿದ್ರು ಅಂತ ಒಪ್ಪಿಕೋಬೇಕು. ನನ್ನನ್ನ ಸೋಫಾ ಮೇಲೆ ಕೂರಿಸಿ, ಕೇಳುವವರು ನೆಲದ ಮೇಲೆ ಅಂಬೆಗಾಲಿಡೋದು. ಬೇಸ್ ಎಲ್ಲಿ ಹದವಾಗಿ ಕೇಳುತ್ತೋ ಅಲ್ಲಿ ನನ್ನನ್ನ ಇಡೋದು. ಎಪ್ಪತ್ತು ದಾಟಿದ ರಾಯರು ಪಂಚೆ ಎತ್ತಿ ಕಟ್ಟಿ, ಒಂದು ಕಿವಿ ನೆಲಕ್ಕೆ ಹಚ್ಚಿ, ಟಿವಿ ಸ್ಟ್ಯಾಂಡಿನಿಂದ ದೇವರಮನೆ ಬಾಗಿಲವರೆಗೆ ಹೊರಟರು. ಮೊಮ್ಮಗ ಬೆನ್ನೇರಿದ. ಪಾತ್ರೆ ತೊಳೆಯೋಕೆ ಬಂದವಳು ಬಾಗಿಲಲ್ಲೇ ನಿಂತು “ಸಾರುಕ್ಕು ಎನ್ನ ಆಚ್ಚು?” ಅಂದಳು, ಸಾರ್‌ಗೆ ಏನಾಯ್ತು ಅಂತ. ಕೊನೆಗೆ ಕಿಟಕಿ ಕೆಳಗೆ, ಗೋಡೆಯ ನಡುವೆ ಒಳ್ಳೇ ಜಾಗ ಸಿಕ್ಕಿತು. ಅಲ್ಲಿ ಅಮ್ಮಾವರ ಹೊಲಿಗೆ ಮೆಷಿನ್ ಇತ್ತು. ನಾನು ಮೂಲೆಗೆ ಬಂದೆ. ಮೂಲೆಯಲ್ಲಿ ನನಗೆ ಗಂಟಲು ಜಾಸ್ತಿ, ಗೋಡೆಗಳ ನಡುವಿನ ಪ್ರತಿಯೊಂದು ಅನುರಣನವೂ ಎದ್ದು ಕೂರುತ್ತೆ.

ಪ್ರ: ಆದರೂ ರಾಯರು ಬೇಸ್ ಸಾಲದು ಅನ್ನುತ್ತಾರಂತೆ?

ಉ: ನೀವೀಗ ಎಲ್ಲಿ ಕೂತಿದ್ದೀರಿ? ಹಿಂದಿನ ಗೋಡೆಗೆ ಒರಗಿ. ರಾಯರ ಸೋಫಾ ಎಲ್ಲಿದೆ? ಹಾಲಿನ ನಟ್ಟನಡುವೆ. ಯಾಕೆ? ಅಲ್ಲಿ ಫ್ಯಾನ್ ಇದೆ. ಚೆನ್ನೈ ಮನೆಗಳಲ್ಲಿ ಸೋಫಾ ಎಲ್ಲಿರಬೇಕು ಅನ್ನೋದನ್ನ ವಾಸ್ತುವೂ ಹೇಳಲ್ಲ, ಧ್ವನಿಶಾಸ್ತ್ರವೂ ಹೇಳಲ್ಲ, ಸ್ಲ್ಯಾಬ್ ಹಾಕುವಾಗ ಮೇಸ್ತ್ರಿ ಬಿಟ್ಟ ಕೊಕ್ಕೆ ಹೇಳುತ್ತೆ. ಹಾಲ್ ಉದ್ದ 17 ಅಡಿ. ಅದರ ಮೊದಲ ಅನುರಣನ ಸುಮಾರು 33 ಹರ್ಟ್ಸ್. ಅಗಲ 11 ಅಡಿ, ಅದಕ್ಕೆ 52. ಈ ಎರಡೂ ಗೋಡೆ ಬುಡದಲ್ಲಿ ಉಬ್ಬಿ, ಸರಿಯಾಗಿ ನಡುವೆ ಬತ್ತಿಹೋಗ್ತವೆ. ಉದ್ದದ ನಡು, ಅಗಲದ ನಡು ಕೂಡೋ ಜಾಗದಲ್ಲೇ ಫ್ಯಾನ್. ಇಡೀ ಮನೆಯಲ್ಲಿ ನಾನು ಇಲ್ಲದ ಒಂದೇ ಜಾಗ ಹುಡುಕಿ ರಾಯರು ಕೂತಿದ್ದಾರೆ. ಅಲ್ಲಿ ಕೂತು “ಏನೂ ಕೇಳಿಸ್ತಿಲ್ಲ” ಅಂತ ಗೇನ್ ಏರಿಸ್ತಾರೆ.

ಪ್ರ: ಮೈಕ್ ಇಟ್ಟು ತಾನೇ ಅಳೆದುಕೊಳ್ಳುವ ರಿಸೀವರುಗಳಿವೆಯಲ್ಲ?

ಉ: ಮಗ ತಂದುಕೊಟ್ಟ. ಮೈಕನ್ನ ಎಲ್ಲಿಟ್ಟರು? ಫ್ಯಾನ್ ಕೆಳಗೆ. ಅಳೆಯುವಾಗ ಫ್ಯಾನ್ ನಿಲ್ಲಿಸಿ ಅಂತ ಪುಸ್ತಕದಲ್ಲಿ ಬರೆದಿತ್ತು. ಮೇ ತಿಂಗಳು, ಯಾರು ನಿಲ್ಲಿಸ್ತಾರೆ? ರಿಸೀವರಿಗೆ ಅಲ್ಲೊಂದು ಹಳ್ಳ ಕಂಡಿತು, ತುಂಬೋಕೆ ಹೋಯಿತು. ಅದು ತುಂಬೋ ಹಳ್ಳ ಅಲ್ಲ. ಗೋಡೆಯಿಂದ ವಾಪಸ್ ಬಂದ ಅಲೆ ನೇರ ಬಂದ ಅಲೆಯನ್ನ ಅಳಿಸೋ ಜಾಗ. ನಾನು ಎರಡರಷ್ಟು ಕೂಗಿದ್ರೆ ವಾಪಸ್ ಬರೋದೂ ಎರಡರಷ್ಟು, ಮತ್ತೆ ಸೊನ್ನೆಯೇ. 6 ಡೆಸಿಬಲ್ ಏರಿಸೋಕೆ ನಾಲ್ಕರಷ್ಟು ವ್ಯಾಟ್ ಬೇಕು. ಅಷ್ಟೂ ಶಕ್ತಿ ಹಿಂದಿನ ಗೋಡೆ ದಾಟಿ ಪಕ್ಕದ ಮನೆ ಮಾಮಿಯ ಅಡುಗೆಮನೆ ಸೇರಿತು.

ಪ್ರ: ಅವರ ಪ್ರತಿಕ್ರಿಯೆ?

ಉ: ರಾಯರು ಕೊಟ್ಟ ದುಡ್ಡಿಗೆ ಸರಿಯಾದ ಬೇಸ್ ಕೇಳ್ತಿರೋದು ಅವರೊಬ್ಬರೇ. ಡಬರಾ-ಲೋಟ ಗಿಲಕ್ಕಂದ್ರೆ ಹೀರೋ ಬಂದ, ಮಿಕ್ಸಿ ಮುಚ್ಚಳ ಅಲ್ಲಾಡಿದ್ರೆ ವಿಲನ್ ಸತ್ತ. ಟಿಕೆಟ್ ಇಲ್ಲದೆ ಎಲ್ಲ ಸಿನಿಮಾ ಮುಗಿಸಿದ್ದಾರೆ.

ಪ್ರ: ದೂರು ಕೊಡಬಹುದಲ್ಲ? ಕಾನೂನು ಇದೆ.

ಉ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಮನೆಗಳಿರುವ ಕಡೆ ಹಗಲು 55 ಡೆಸಿಬಲ್, ರಾತ್ರಿ ಹತ್ತರ ಮೇಲೆ 45. ಆದ್ರೆ ಅಳೆಯೋದು ‘ಎ’ ತೂಕದಲ್ಲಿ, ಅಂದ್ರೆ ಮನುಷ್ಯರ ಕಿವಿಗೆ ಮಂದವಾದ ಸದ್ದನ್ನ ಲೆಕ್ಕದಿಂದ ಕಳೆದು. 31.5 ಹರ್ಟ್ಸ್‌ಗೆ 39 ಡೆಸಿಬಲ್ ಮಾಫಿ! ಆಡಿ ತಿಂಗಳಲ್ಲಿ ಟಿ. ನಗರದ ಜವಳಿ ಅಂಗಡಿಯವರೂ ಇಷ್ಟು ರಿಯಾಯಿತಿ ಕೊಡಲ್ಲ. ನಾನೊಬ್ಬನೇ 80 ಡೆಸಿಬಲ್ ಗುಡುಗಿದರೂ ಮೀಟರ್ 41 ತೋರಿಸುತ್ತೆ. ಮಾಮಿಯ ಲೋಟ ಕುಣೀತಾ ಇರುತ್ತೆ, ಕಾಗದದಲ್ಲಿ ನಾನು ಸತ್ಯಹರಿಶ್ಚಂದ್ರ.

ಪ್ರ: ಪರಿಹಾರ?

ಉ: ಸೋಫಾ ಮೂರಡಿ ಹಿಂದಕ್ಕೆ ಹಾಕಿ. ಖರ್ಚಿಲ್ಲ. ಇಲ್ಲಾಂದ್ರೆ ನನಗೊಂದು ಜೋಡಿ ತನ್ನಿ, ಎದುರುಬದುರು ಗೋಡೆಗಳ ನಡುವೆ ಇಬ್ಬರೂ ಕೂತ್ರೆ ಆ ಮೊದಲ ಉಬ್ಬರ ಪರಸ್ಪರ ಇಳಿದುಹೋಗುತ್ತೆ. ಇಬ್ಬರೂ ಮೆತ್ತಗೆ ದುಡಿದರೆ ಸಾಕು, ಮಾಮಿಗೂ ನಿದ್ದೆ. ರಾಯರು ಮೊದಲನೇದು ಬಿಟ್ಟು ಎರಡನೇದು ಹಿಡ್ಕೊಂಡಿದ್ದಾರೆ, ಅದೂ 15 ಇಂಚಿನದು…

(ಅಷ್ಟರಲ್ಲಿ ರಾಯರು ಮಂತ್ರಾಕ್ಷತೆ ಹಿಡಿದು ಬಂದರು. “ಅಯ್ಯೋ, ಗೋಡೆಗೆ ಒರಗಿ ಕೂತು ಬೆವರ್ತಿದ್ದೀರಲ್ಲ! ಬನ್ನಿ, ಬೇಸ್ ಕೇಳಬೇಕು ಅಂದ್ರೆ ಇಲ್ಲಿ ಕೂತ್ಕೊಳ್ಳಿ” ಎನ್ನುತ್ತ ಸೋಫಾ ತೋರಿಸಿ, ಫ್ಯಾನನ್ನು ಐದಕ್ಕೆ ಇಟ್ಟು, ಮನಿಪ್ಲಾಂಟ್ ಕೆಳಗಿಳಿಸಿ, ಗುಬುಟಿಗೆ ಕೈ ಹಾಕಿದರು.)