ಪಾಯಿಂಟ್ ಸೊನ್ನೆ ಮೂರು ಚೀಲ

ಹಾಸನದ ವಿದ್ಯಾನಗರದ ಕಡೆ ಬೆಳಗ್ಗೆ ವಾಕಿಂಗ್ ಹೋದರೆ ಇಂಥವರು ಒಬ್ಬರಾದರೂ ಸಿಗುತ್ತಾರೆ: ನಿವೃತ್ತ ಗಣಿತದ ಮೇಷ್ಟ್ರು, ತಲೆಗೆ ಮಂಕಿ ಕ್ಯಾಪು, ಉಗುರಿನಲ್ಲಿ ಮಣ್ಣು. "ನಮಸ್ಕಾರ ಸಾರ್" ಅಂದರೆ "ಇವತ್ತು ಚೀಲಕ್ಕೆ ಏನಂತೆ?" ಅನ್ನುತ್ತಾರೆ. ಶುಂಠಿಯ ಧಾರಣೆ. ನಮ್ಮ ಕಡೆ ಶುಂಠಿ ಚೀಲ ಅಂದರೆ 60 ಕೆ.ಜಿ. ಮೇಷ್ಟ್ರ ಜಮೀನು ಮಾತ್ರ ತಾರಸಿ ಮೇಲಿನ ಹನ್ನೆರಡು ಪೇಂಟ್ ಬಕೆಟ್ಟು.

ಬಕೆಟ್ಟು ಅಂತ ಹಗುರವಾಗಿ ಮಾತಾಡಬೇಡಿ. ಅದರೊಳಗೆ ಅರ್ಧ ಜಿಲ್ಲೆಯೇ ಇದೆ. ನಾರಿನ ಪುಡಿ ಚನ್ನರಾಯಪಟ್ಟಣದ್ದು, ಕೊಟ್ಟಿಗೆ ಗೊಬ್ಬರ ಹೊಳೆನರಸೀಪುರದ ತಂಗಿ ಮನೆಯದು, ಬಿತ್ತನೆ ಅರಕಲಗೂಡಿನ ಭಾಮೈದನ ಹೊಲದ್ದು. ರಿಗೋಡಿ ತಳಿ, ರಿಯೋ ಡಿ ಜನೈರೋ ನಮ್ಮ ರೈತರ ಬಾಯಲ್ಲಿ ಪಳಗಿ ಹಾಗಾಗಿದೆ. ಎರಡೆರಡು ಕಣ್ಣಿನ 25 ಗ್ರಾಂ ತುಂಡುಗಳು ಇಪ್ಪತ್ನಾಲ್ಕು, ಒಟ್ಟು 600 ಗ್ರಾಂ. ಸೊಸೆ ಕೇಕಿಗೆ ಮೈದಾ ತೂಗುವ ತಕ್ಕಡಿಯಲ್ಲಿ ತೂಗಿ ನೆಟ್ಟದ್ದು.

ನೆಟ್ಟ ಮೇಲೆ ಎಂಟೊಂಬತ್ತು ತಿಂಗಳು ಸುಮ್ಮನಿರಬೇಕು. ಅಲ್ಲೇ ಕಷ್ಟ. ಹಾಸನಾಂಬೆಯೇ ವರ್ಷಕ್ಕೊಮ್ಮೆ ದರ್ಶನ ಕೊಡುವ ಊರಿನಲ್ಲಿ ಮೇಷ್ಟ್ರಿಗೆ ಶುಂಠಿಯ ದರ್ಶನ ವಾರವಾರ ಆಗಬೇಕು. ತೋರುಬೆರಳು ತೂರಿಸಿ, ಮಣ್ಣು ಸರಿಸಿ, ಗೆಡ್ಡೆಯ ಬೆನ್ನು ಸವರಿ, ಹೊದ್ದಿಸಿದಂತೆ ಮತ್ತೆ ಮಣ್ಣೆಳೆಯುತ್ತಾರೆ. ಆಷಾಢದ ಒಂದು ಮಧ್ಯರಾತ್ರಿ ಜೋರು ಮಳೆ. ಮೇಷ್ಟ್ರು ತಾರಸಿ ಮೇಲಿದ್ದರು. ಕೊಡೆ ಬಕೆಟ್ಟಿನ ಮೇಲೆ, ಟವೆಲ್ಲು ತಲೆ ಮೇಲೆ. ನೀರು ನಿಂತರೆ ಕೊಳೆರೋಗ. ಆ ಮಟ್ಟಿಗೆ ಅವರ ಬೇಸಾಯದ ತಿಳಿವಳಿಕೆಯಲ್ಲಿ ತಪ್ಪು ಹುಡುಕಲಾಗದು.

2023ರಲ್ಲಿ ಚೀಲ ಹತ್ತು ಸಾವಿರ ದಾಟಿದಾಗ ತಾರಸಿ ಬಾಗಿಲಿಗೆ ಬಿದ್ದ ಬೀಗ ಇನ್ನೂ ಹಾಗೇ ಇದೆ. ಒಣಗಿದ ಬಟ್ಟೆ ತರಲು ಮನೆಯಾಕೆ ಬೀಗದ ಕೈ ಕೇಳಬೇಕು.

"ಟೀಗೆ ಒಂದು ಚೂರು ಮುರ್ಕೊಡ್ರೀ."

"ಬಲಿಯೋ ಗೆಡ್ಡೆ ಕಣೇ ಅದು!"

"ಹಂಗಾದ್ರೆ ತಾರಸೀನ ಕೇರಳದವ್ರಿಗೆ ಗುತ್ತಿಗೆ ಕೊಟ್ಬಿಡಿ" ಅಂದವರೇ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು.

ಈ ಸಲ ಸಂಕ್ರಾಂತಿ ಹೊತ್ತಿಗೆ ಎಲೆ ಹಳದಿಯಾಗಿ ಒಣಗಿತು. ಬಕೆಟ್ಟುಗಳನ್ನು ಒಂದೊಂದಾಗಿ ಬೋರಲು ಹಾಕಿ, ಮಣ್ಣು ಕೊಡವಿ, ಅದೇ ಮೈದಾ ತಕ್ಕಡಿಗೆ ಹಾಕಿದರು. ಒಂದು ಕೆ.ಜಿ. ಎಂಟುನೂರು ಗ್ರಾಂ. ಮೇಷ್ಟ್ರು ಮನಸ್ಸಿನಲ್ಲೇ ಅರವತ್ತರಿಂದ ಭಾಗಿಸಿ ಅರಕಲಗೂಡಿಗೆ ಫೋನು ಹಚ್ಚಿದರು.

"ಪಾಯಿಂಟ್ ಸೊನ್ನೆ ಮೂರು ಚೀಲ ಆಯ್ತಯ್ಯಾ!"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಭಾಮೈದನ ಎರಡೆಕರೆಗೆ ಮಳೆಗಾಲದಲ್ಲೇ ಕೊಳೆ ಹತ್ತಿ ಅರ್ಧ ಹೊಲ ಕಿತ್ತು ಬಿಸಾಕಿದ್ದ.

"ಕೊಳೆ ಏನೂ ಬರ್ಲಿಲ್ವಾ ಭಾವ?"

"ಒಂದು ಚುಕ್ಕೆ ಇಲ್ಲ."

"ಹಂಗಾದ್ರೆ ಬಿತ್ತನೆಗೆ ನಂಗೇ ಕೊಟ್ಬಿಡಿ."

ಮೇಷ್ಟ್ರು ಇನ್ನೂ ರೇಟು ಹೇಳಿಲ್ಲ.