ಅರ್ಧ ಕೆಂಪು, ಅರ್ಧ ಬಿಳಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಐದೂ ತಾಲ್ಲೂಕು ಜಾಲಾಡಿದರೂ ವಿಮಾನ ಇಳಿಯುವ ಜಾಗ ಸಿಗದು. ಚುನಾವಣೆ ಬಂದಾಗ ಹೈಸ್ಕೂಲ್ ಮೈದಾನದಲ್ಲಿ ಸುಣ್ಣದಿಂದ ಎಚ್ ಅಕ್ಷರ ಬರೆದು ಹೆಲಿಕಾಪ್ಟರ್ ಇಳಿಸುತ್ತಾರೆ, ಧೂಳೆಲ್ಲ ಮತದಾರನಿಗೆ. ವಿಮಾನವೇ ಬೇಕೆಂದರೆ ತೋರಣಗಲ್ಲಿಗೋ ಹುಬ್ಬಳ್ಳಿಗೋ ಬಸ್ ಹತ್ತಬೇಕು. ಆದರೂ ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಮಲಗಿ, ಮಿಣುಕುತ್ತಾ ಹೋಗುವ ವಿಮಾನ ನೋಡುವಾಗ ಕೇಳಬೇಕೆನಿಸುತ್ತದೆ: ಈ ಕತ್ತಲಲ್ಲಿ ಅದು ಇಳಿಯೋದು ಹೆಂಗೆ?

ದೀಪ ನೋಡಿಕೊಂಡು. ಅವುಗಳಲ್ಲಿ ನನಗೆ ಅಚ್ಚುಮೆಚ್ಚು, ರನ್‌ವೇ ಪಕ್ಕದಲ್ಲಿ ಸಾಲಾಗಿ ಕೂತ ನಾಲ್ಕು ಪೆಟ್ಟಿಗೆ. ಪೈಲಟ್‌ಗಳು ‘ಪ್ಯಾಪಿ’ ಎನ್ನುತ್ತಾರೆ. ಪ್ರತಿ ಪೆಟ್ಟಿಗೆಯ ಬೆಳಕು ಮೇಲೆ ಬಿಳಿ, ಕೆಳಗೆ ಕೆಂಪು. ಒಂದೊಂದನ್ನೂ ತುಸು ಬೇರೆ ಕೋನಕ್ಕೆ ಕೂರಿಸಿರುತ್ತಾರೆ. ನಾಲ್ಕೂ ಬಿಳಿ ಕಂಡರೆ ವಿಮಾನ ತೀರಾ ಮೇಲಿದೆ, ನಾಲ್ಕೂ ಕೆಂಪಾದರೆ ತೀರಾ ಕೆಳಗಿದೆ. ಎರಡು ಬಿಳಿ, ಎರಡು ಕೆಂಪು ಎಂದರೆ ಹದವಾದ ಇಳಿಜಾರು. ಸಾಮಾನ್ಯವಾಗಿ ಅದು 3 ಡಿಗ್ರಿ, ಕಿಲೋಮೀಟರಿಗೆ ಸುಮಾರು 52 ಮೀಟರ್. ರೈಲ್ವೆ ಗೇಟಿನ ಕೆಂಪು ದೀಪ ಕಂಡೂ ಬೈಕ್ ಬಗ್ಗಿಸಿ ನುಸುಳುವ ನಮಗೆ, ಅರ್ಧ ಕೆಂಪು ಕಂಡರೇ ನೆಮ್ಮದಿ ಎನ್ನುವವರು ಸ್ವಲ್ಪ ವಿಚಿತ್ರವೇ.

ಸೋಜಿಗವೆಂದರೆ ದೀಪ ಬಣ್ಣ ಬದಲಿಸುವುದೇ ಇಲ್ಲ, ನೋಡುವವನ ಎತ್ತರ ಬದಲಾಗುತ್ತದೆ, ಅಷ್ಟೆ. ಹರಪನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರು ಇದ್ದಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ.

ರನ್‌ವೇಗಿಂತ ಮುಂಚೆಯೇ ಬಯಲಿಗೆ ಚಾಚಿಕೊಂಡ ಇನ್ನೊಂದು ದೀಪದ ಸಾಲಿರುತ್ತದೆ. ಪೂರ್ಣ ಪ್ರಮಾಣದ್ದಾದರೆ 900 ಮೀಟರ್. ರನ್‌ವೇ ಇನ್ನೂ 300 ಮೀಟರ್ ಇರುವಾಗ ಒಂದು ಅಡ್ಡಪಟ್ಟಿ, ರೆಕ್ಕೆ ವಾಲಿದೆಯೇ ನೋಡಿಕೊಳ್ಳಲು. ಆಮೇಲೆ ಹಸಿರು ಗೆರೆ. ಅಲ್ಲಿಂದ ರನ್‌ವೇ ಶುರು. ಮೋಡ ಮುಸುಕಿದಾಗ ಉಪಕರಣ ನಂಬಿ ಬರುವ ಪೈಲಟ್‌ಗೆ ಸಾಮಾನ್ಯವಾಗಿ 200 ಅಡಿ ಎತ್ತರದಲ್ಲಾದರೂ ಈ ದೀಪಗಳು ಕಾಣಬೇಕು. ಕಾಣದಿದ್ದರೆ ಮತ್ತೆ ಮೇಲಕ್ಕೆ. ಕಿಟಕಿ ಸೀಟಿಗೆ ಹೆಚ್ಚು ದುಡ್ಡು ಕೊಟ್ಟವರಿಗೆ ಈ ನೋಟ ದಕ್ಕುವುದಿಲ್ಲ. ಅದು ಮುಂದೆ ಕೂತ ಇಬ್ಬರಿಗೇ ಮೀಸಲು.

ಕರೆಂಟ್ ಹೋದರೆ? ಅದಕ್ಕೂ ಅಂತರರಾಷ್ಟ್ರೀಯ ನಿಯಮವಿದೆ. ಈ ಸಾಲು 15 ಸೆಕೆಂಡಿನೊಳಗೆ ಮತ್ತೆ ಹೊತ್ತಿಕೊಳ್ಳಬೇಕು. ದಟ್ಟ ಮಂಜಿನಲ್ಲೂ ವಿಮಾನ ಇಳಿಸುವ ಕಡೆಯಾದರೆ ರನ್‌ವೇಗೆ ಹತ್ತಿರದ 300 ಮೀಟರ್ ದೀಪಗಳು ಒಂದೇ ಸೆಕೆಂಡಿನಲ್ಲಿ. ಹಗರಿಬೊಮ್ಮನಹಳ್ಳಿ ಕಡೆ ಹೊಲದಲ್ಲಿ, ತ್ರೀ ಫೇಸ್ ಕಾಯುತ್ತಾ ಕೂತಿದ್ದ ನಮ್ಮ ದೊಡ್ಡಪ್ಪನ ಮಗನಿಗೆ ಇದನ್ನು ಹೇಳಿದೆ. ಬ್ಯಾಟರಿ ಆರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ.

“ಸೆಕೆಂಡ್ ಬ್ಯಾಡಪಾ, ತಾಸಿನಾಗ ಬಂದ್ರೂ ಸಾಕು. ಆ ದೀಪದ ಸಾಲು ನಮ್ಮ ಬೋರಿನ ಮ್ಯಾಲೆ ಹಾಸಿ ಹೋಗಂಗಿಲ್ಲೇನು?”