ಗುಬ್ಬಿ ಕಾಕಾ

ಮಾರ್ಚ್ ಮುಗಿಯುವ ಹೊತ್ತಿಗೆ ಸಿಂಧನೂರಿನ ಬಿಸಿಲು 40 ಡಿಗ್ರಿಯ ಹೊಸ್ತಿಲಲ್ಲಿ ಬಂದು ಕೂತಿರುತ್ತದೆ. ಅಂಥದ್ದೊಂದು ಮಧ್ಯಾಹ್ನ ಗುಬ್ಬಿ ಕಾಕಾರ ಮನೆಗೆ ಹೋದವನು ರೂಢಿಯಂತೆ ಫ್ಯಾನಿನ ಸ್ವಿಚ್ಚಿಗೆ ಕೈಯಿಟ್ಟೆ. ಹಾವು ಕಂಡವರಂತೆ ಕಾಕಾ ಕೂಗಿದರು: "ಏ, ಮುಟ್ಟಬ್ಯಾಡ! ಮ್ಯಾಲೆ ಬಾಣಂತಿ ಅದಾಳ!"

ತಲೆಯೆತ್ತಿದೆ. ಫ್ಯಾನಿನ ಬಟ್ಟಲಿನಿಂದ ಹುಲ್ಲಿನ ಗಡ್ಡ ಇಳಿಬಿದ್ದಿತ್ತು. ಸ್ವಿಚ್ಚಿಗೆ ಅಡ್ಡಡ್ಡ ಬ್ಯಾಂಡೇಜು ಪಟ್ಟಿ.

ಇಂಥ ಕಾಕಾಗಳು ನಮ್ಮ ಕಡೆ ಊರಿಗೊಬ್ಬರಂತೆ ಸಿಗುತ್ತಾರೆ. ಗುಬ್ಬಿಯನ್ನೂ ಕಾಕವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಈ ಪುಣ್ಯಾತ್ಮರು ತಾವು ಹಕ್ಕಿ ಸಾಕಿದ್ದೇವೆ ಅಂದುಕೊಂಡಿರುತ್ತಾರೆ. ಹಕ್ಕಿಗಳ ಲೆಕ್ಕ ಬೇರೆಯೇ ಇರುತ್ತದೆ.

ಬಾಗಿಲು ಬಡಿದರೆ ಒಳಗಿನಿಂದ "ತಡೀರಿ, ಮರಿಗೆ ಉಣಸಾಕತ್ತಾಳ" ಎಂಬ ಉತ್ತರ ಬರುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆಯಲ್ಲಿ ಗುಬ್ಬಕ್ಕ ಕಾಗೆಯನ್ನು ಹೊರಗೆ ನಿಲ್ಲಿಸಿದ್ದು ಹೀಗೆಯೇ. ಕಾಗೆ ಮಳೆಯಲ್ಲಿ ನೆನೆದಿತ್ತು, ನಾವು ಬೆವರಿನಲ್ಲಿ.

ಮಗಳ ಮದುವೆ ಮಾತಿಗೆಂದು ಲಿಂಗಸುಗೂರಿನಿಂದ ಬೀಗರಾಗುವವರು ಬಂದರು. ಹಟ್ಟಿ ಗಣಿಯ ತಾಲೂಕಿನವರು, ಮಾತು ಬಂಗಾರದ ಮೇಲೆಯೇ ನಡೆದಿತ್ತು. ಕಾಕಾರ ಕಣ್ಣು ಮಾತ್ರ ಕಿಟಕಿಯ ಮೇಲೆ. ಗದ್ದದಡಿ ಕಪ್ಪು ಕರವಸ್ತ್ರ ಕಟ್ಟಿದಂಥ ಗಂಡು ಗುಬ್ಬಿ ಸರಳಿನ ಮೇಲೆ ಕೂತು, ಕೊಕ್ಕಿನಲ್ಲಿ ಹಸಿರು ಹುಳವನ್ನು ಒಮ್ಮೆ ಬಡಿದು, ಎರಡು ಸಲ ಬಾಲ ಕುಣಿಸಿ ಮೇಲಕ್ಕೆ ಹಾರಿತು. ಹುಲ್ಲಿನೊಳಗಿಂದ ಹಳದಿ ಅಂಚಿನ ನಾಲ್ಕು ಬಾಯಿಗಳು ಒಟ್ಟಿಗೇ ತೆರೆದವು. "ಎಷ್ಟು ತೊಲಿ ಅಂತೀರಿ?" ಎಂದು ಬೀಗರು ಕೇಳಿದರು. "ನಾಕು," ಅಂದರು ಕಾಕಾ. ಮಾತು ಅಲ್ಲಿಗೇ ನಿಂತಿತು.

ಯಾರಾದರೂ ನಕ್ಕರೆ ಕಾಕಾ ಅಶೋಕನನ್ನೇ ಸಾಕ್ಷಿಗೆ ಕರೆಯುತ್ತಾರೆ. ಹೇಳಿಕೇಳಿ ಮಸ್ಕಿ ಅವರ ತಾಯಿಯ ತವರು. 1915ರಲ್ಲಿ ಅಲ್ಲಿ ಸಿಕ್ಕ ಬಂಡೆಗಲ್ಲಿನಲ್ಲಿ ದೇವಾನಾಂಪ್ರಿಯನ ಜತೆಗೆ ಅಶೋಕ ಎಂಬ ಹೆಸರೂ ಇತ್ತಲ್ಲ, ಆ ಹೆಮ್ಮೆ. ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿ ಇರುವುದು ಮಸ್ಕಿಯಲ್ಲಲ್ಲ, ಉತ್ತರದ ಸ್ತಂಭಶಾಸನದಲ್ಲಿ ಎಂದು ಮೇಷ್ಟ್ರೊಬ್ಬರು ತಿದ್ದಿದರು. ಅದರಲ್ಲಿ ಗಿಳಿ, ಸಾರಿಕೆ, ಹಂಸ ಇವೆ, ಗುಬ್ಬಿ ಕಾಣುವುದಿಲ್ಲ ಎಂದೂ ಸೇರಿಸಿದರು. "ಆವಾಗ ಫ್ಯಾನ್ ಇದ್ದಿಲ್ಲ ಬಿಡ್ರಿ, ಗುಬ್ಬಿಗೆ ಏನ್ ಭಯ?" ಎಂದು ಕಾಕಾ ಚಕ್ರವರ್ತಿಯನ್ನು ಕ್ಷಮಿಸಿದರು.

ಇಷ್ಟಕ್ಕೂ ಕಾಕಾರ ಕಸುಬು ಎಣ್ಣಿ ಅಂಗಡಿ. ನಮ್ಮ ಕಡೆ ಎಣ್ಣಿ ಅಂದರೆ ಒಗ್ಗರಣೆಗೆ ಹಾಕುವುದೊಂದೇ ಅಲ್ಲ, ಬೆಳೆಗೆ ಹೊಡೆಯುವುದೂ ಹೌದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆಯಲ್ಲಿ ಈ ವ್ಯಾಪಾರಕ್ಕೆ ಬರವಿಲ್ಲ. "ಒಂದು ಹುಳ ಉಳಿದ್ರ ರೊಕ್ಕ ವಾಪಸ್" ಎಂಬುದು ಕಾಕಾರ ಗ್ಯಾರಂಟಿ.

ಒಂದು ಬೆಳಗ್ಗೆ ತಾಯಿಗುಬ್ಬಿ ನಾಲ್ಕು ಸಲ ಹೊರಗೆ ಹೋಗಿ ಬರಿಗೊಕ್ಕಿನಲ್ಲಿ ಬಂತು. ಕಾಕಾ ಸೋನಾ ಮಸೂರಿ ನುಚ್ಚು ಚೆಲ್ಲಿದರು. ತಾನು ತಿಂದಿತೇ ಹೊರತು ಮರಿಗೆ ಒಯ್ಯಲಿಲ್ಲ. ಗುಬ್ಬಿಯ ಎಳೆಮರಿಗೆ ಮೆತ್ತನೆಯ ಹುಳುವೇ ಆಗಬೇಕು. ಕಾಕಾ ಅಂಗಳದ ಗಿಡಗಳ ಎಲೆಯೆಲೆ ಮಗುಚಿ ನೋಡಿ, "ಈ ಹುಳ ಎಲ್ಲಿ ಹ್ವಾದವೋ ಮಾರಾಯ!" ಎಂದು ಹಲುಬಿದರು.

ಅಡುಗೆಮನೆಯಿಂದ ಚಿಗವ್ವನ ದನಿ ಬಂತು: "ನಿಮ್ಮ ಬಿಲ್ ಪುಸ್ತಕದಾಗ ನೋಡ್ರಿ. ಅಲ್ಲೇ ಬರದಿರ್ತೈತಿ."

ಅವತ್ತು ಕಾಕಾ ಅಂಗಡಿಗೆ ತಡವಾಗಿ ಹೋದರು. ಈಗ ಮನೆಯ ಹಿಂದಿನ ಗದ್ದೆಯವನು ಬಂದರೆ, ಕಂಪನಿ ಏಜೆಂಟನ ಕಿವಿಗೆ ಬೀಳದಂತೆ, "ಒಂದು ಮೂಲಿ ಬಿಟ್ಟು ಹೊಡಿಯಪ್ಪ" ಅನ್ನುತ್ತಾರೆ. ಬಾಟಲಿಯನ್ನು ಮಾತ್ರ ಪೂರಾ ಬೆಲೆಗೇ ಕೊಡುತ್ತಾರೆ.

ಹದಿನೈದು ದಿನಕ್ಕೆ ಮರಿಗಳು ಹಾರಿದವು. ಚಿಗವ್ವ ಸೆರಗಿನಿಂದ ಬೆವರೊರೆಸಿಕೊಂಡು ಸ್ವಿಚ್ಚಿನ ಪಟ್ಟಿ ಕಿತ್ತರು. ಅಷ್ಟರಲ್ಲಿ ಮೇಲಿಂದ ಹೊಸ ಹುಲ್ಲಿನ ಎಳೆಯೊಂದು ಅವರ ಮುಂಗೈ ಮೇಲೆ ಬಿತ್ತು. ಗಂಡು ಗುಬ್ಬಿ ಎರಡನೇ ಸೂಲಿಗೆ ಮನೆ ರಿಪೇರಿ ಶುರುಮಾಡಿತ್ತು.

ಚಿಗವ್ವ ಒಂದು ಗಳಿಗೆ ಮೇಲೆ ನೋಡಿದರು. ಆಮೇಲೆ ತಾವೇ ಪಟ್ಟಿಯನ್ನು ಮೊದಲಿನಂತೆ ಅಂಟಿಸಿ, ಬೀಸಣಿಗೆ ಹುಡುಕುತ್ತಾ ಒಳಗೆ ಹೋದರು.